ಒಡಲೊಳಗಿನ ಕೋಟೆ

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ಕೇಳದವರು ವಿರಳ. ಹಿರಿಯರು ಈ ಮಾತನ್ನು ಆಡುತ್ತಿದ್ದಾಗ ಮುದ್ದೆ, ರೊಟ್ಟಿ, ಅನ್ನ, ಸೊಪ್ಪಿನ ಸಾರು, ಮಜ್ಜಿಗೆಗಳೇ ಊಟವಾಗಿದ್ದುವು. ಉಣ್ಣುವವನಿಗೆ ತನ್ನ ತಟ್ಟೆಯಲ್ಲಿದ್ದ ಪ್ರತಿಯೊಂದು ಪದಾರ್ಥದ ಹೆಸರೂ ಗೊತ್ತಿತ್ತು. ಇಂದು ಅಂಗಡಿಯಿಂದ ತಂದ ಬಣ್ಣದ ಪೊಟ್ಟಣವನ್ನು ಹರಿದು ತಿನ್ನುವ ಬಾಲಕನನ್ನು ಅದರೊಳಗೆ ಏನೇನಿದೆಯೆಂದು ಕೇಳಿದರೆ ಅವನು ಉತ್ತರ ಹೇಳಲಾರ. ಊಟವನ್ನು ಬಲ್ಲವನಾಗುವುದು ಹಿಂದಿಗಿಂತ ಈಗ ಕಷ್ಟವಾಗಿದೆ.

ಆಹಾರ ಕೆಡದಂತೆ ಏನನ್ನಾದರೂ ಬೆರೆಸುವುದು ಹೊಸ ಸಂಗತಿಯೇನಲ್ಲ. ಉಪ್ಪಿನಕಾಯಿ ವರ್ಷವಿಡೀ ಉಳಿಯುವುದು ಉಪ್ಪಿನ ಬಲದಿಂದಲೇ. ಆದರೆ ಕಾರ್ಖಾನೆಯಲ್ಲಿ ತಯಾರಾದ ತಿನಿಸು ನೂರಾರು ಮೈಲಿ ಸಾಗಬೇಕು. ತಿಂಗಳುಗಟ್ಟಲೆ ಅಂಗಡಿಯಲ್ಲಿ ಕುಳಿತಿರಬೇಕು. ಆದರೂ ಆಗತಾನೆ ಮಾಡಿದಂತೆ ತೋರಬೇಕು. ಇದಕ್ಕಾಗಿ ಬಣ್ಣ, ಸುವಾಸನೆ, ಸಂರಕ್ಷಕಗಳ ಜೊತೆಗೆ ಎಮಲ್ಸಿಫೈಯರ್ ಎಂಬ ವಸ್ತುಗಳನ್ನೂ ಬೆರೆಸುತ್ತಾರೆ. ಎಣ್ಣೆಯೂ ನೀರೂ ಬೇರ್ಪಡದಂತೆ ಹಿಡಿದಿಡುವುದು ಇವುಗಳ ಕೆಲಸ. ಐಸ್‌ಕ್ರೀಮಿನ ನುಣುಪಿಗೂ ಕೇಕಿನ ಮೃದುತ್ವಕ್ಕೂ ಇಂಥವು ನೆರವಾಗುತ್ತವೆ.

ನಾಲಿಗೆಗೆ ಹಿತವಾದ ಈ ನುಣುಪು ಕರುಳಿಗೂ ಹಿತವೇ? ಇದನ್ನು ತಿಳಿಯಲು ಕರುಳಿನ ರಚನೆಯನ್ನು ಅರಿಯಬೇಕು. ಚಿತ್ರದುರ್ಗದ ಕೋಟೆಗೆ ಏಳು ಸುತ್ತುಗಳಿವೆ. ಮನುಷ್ಯನ ಚರ್ಮಕ್ಕೂ ಜೀವಕೋಶಗಳ ಹಲವು ಪದರಗಳಿವೆ. ಆದರೆ ಕರುಳಿನ ಒಳಮೈಯನ್ನು ಆವರಿಸಿರುವುದು ಜೀವಕೋಶಗಳ ಒಂದೇ ಒಂದು ಪದರ! ಸ್ವೀಡನ್ ದೇಶದ ವಿಜ್ಞಾನಿಗಳು 2014ರಲ್ಲಿ ಲೆಕ್ಕಹಾಕಿದಂತೆ ಜೀರ್ಣನಾಳದ ಒಳಮೈಯ ವಿಸ್ತಾರ ಸುಮಾರು 32 ಚದರ ಮೀಟರ್. ಎಂದರೆ ಒಂದು ಸಣ್ಣ ತರಗತಿ ಕೊಠಡಿಯ ನೆಲದಷ್ಟು. ಇದು ಆಹಾರದ ಸಾರವನ್ನು ರಕ್ತದೊಳಕ್ಕೆ ಬಿಟ್ಟುಕೊಡಬೇಕು, ರೋಗಾಣುಗಳನ್ನು ಹೊರಗೇ ತಡೆಯಬೇಕು. ಗೋಡೆಯೂ ಬಾಗಿಲೂ ತಾನೇ ಆಗಬೇಕಾದ ಈ ಪದರ ದಪ್ಪವಾಗಿರುವಂತಿಲ್ಲ. ಇದರ ಕೋಶಗಳು ಮೂರರಿಂದ ಐದು ದಿನಗಳಲ್ಲಿ ಸವೆದು ಉದುರುತ್ತವೆ. ಹೊಸವು ಆ ಸ್ಥಾನವನ್ನು ತುಂಬುತ್ತವೆ.

ಇಷ್ಟು ತೆಳುವಾದ ಗೋಡೆಗೆ ಪ್ರಕೃತಿಯು ಒಂದು ಕಂದಕವನ್ನು ಒದಗಿಸಿದೆ. ಅದೇ ಲೋಳೆ. ದೊಡ್ಡ ಕರುಳಿನ ಲೋಳೆಯಲ್ಲಿ ಎರಡು ಪದರಗಳಿವೆ. ಸಡಿಲವಾದ ಹೊರಪದರದಲ್ಲಿ ಅಸಂಖ್ಯ ಬ್ಯಾಕ್ಟೀರಿಯಗಳು ವಾಸಿಸುತ್ತವೆ. ಅವುಗಳಲ್ಲಿ ಬಹುಪಾಲು ಮನುಷ್ಯನಿಗೆ ಉಪಕಾರಿಗಳೇ. ಗೋಡೆಗೆ ಅಂಟಿಕೊಂಡ ಒಳಪದರ ಮಾತ್ರ ಒತ್ತಾಗಿದ್ದು, ಅಲ್ಲಿ ಬ್ಯಾಕ್ಟೀರಿಯಗಳು ಇರುವುದಿಲ್ಲವೆಂಬುದು 2008ರಲ್ಲಿ ಇಲಿಗಳ ಮೇಲೆ ನಡೆದ ಪರೀಕ್ಷೆಯಿಂದ ತಿಳಿಯಿತು. ನೆರೆಯವರು ಒಳ್ಳೆಯವರಾದರೂ ನಡುವೆ ಬೇಲಿ ಇರಬೇಕೆಂಬ ವಿವೇಕ ಶರೀರಕ್ಕೂ ಇದೆ.

ಅಮೆರಿಕದ ಜಾರ್ಜಿಯ ಸ್ಟೇಟ್ ವಿಶ್ವವಿದ್ಯಾಲಯದ ಬೆನ್ವಾ ಶಾಸ್ಸೇಂಗ್, ಆಂಡ್ರೂ ಗೆವಿರ್ಟ್ಸ್ ಮತ್ತು ಸಂಗಡಿಗರು 2015ರಲ್ಲಿ ಒಂದು ಪ್ರಯೋಗದ ಫಲವನ್ನು ಪ್ರಕಟಿಸಿದರು. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಮತ್ತು ಪಾಲಿಸಾರ್ಬೇಟ್ 80 ಎಂಬ ಎರಡು ಎಮಲ್ಸಿಫೈಯರುಗಳನ್ನು ಅವರು ಇಲಿಗಳಿಗೆ 12 ವಾರಗಳ ಕಾಲ ನೀರಿನಲ್ಲಿ ಬೆರೆಸಿ ಕುಡಿಸಿದ್ದರು. ಬ್ಯಾಕ್ಟೀರಿಯಗಳು ಲೋಳೆಯನ್ನು ದಾಟಿ ಗೋಡೆಯ ಸಮೀಪಕ್ಕೆ ಬಂದಿದ್ದುವು. ಕರುಳಿನಲ್ಲಿ ಸಣ್ಣನೆಯ ಉರಿಯೂತ ತಲೆದೋರಿತ್ತು; ಇಲಿಗಳ ಮೈಯಲ್ಲಿ ಕೊಬ್ಬು ಹೆಚ್ಚಿತ್ತು. ಆದರೆ ಹುಟ್ಟಿನಿಂದಲೇ ಸೂಕ್ಷ್ಮಜೀವಿಗಳಿಲ್ಲದಂತೆ ಬೆಳೆಸಿದ ಇಲಿಗಳಲ್ಲಿ ಈ ಹಾನಿ ಕಾಣಲಿಲ್ಲ. ಇದು ಗಮನಾರ್ಹ. ಬೆರೆಸಿದ ವಸ್ತು ತಾನಾಗಿ ಗೋಡೆಯನ್ನು ಕೆಡವಲಿಲ್ಲ. ಹೊರಗೆ ನೆಮ್ಮದಿಯಾಗಿದ್ದ ನೆರೆಯವರ ನಡತೆಯನ್ನು ಕೆಡಿಸಿತು.

ಇಲಿಗೆ ಆದುದೆಲ್ಲ ಮನುಷ್ಯನಿಗೂ ಆಗುವುದೆಂದು ಹೇಳಲಾಗದು. ಆದುದರಿಂದ ವಿಜ್ಞಾನಿಗಳು 16 ಮಂದಿ ಆರೋಗ್ಯವಂತರನ್ನು 11 ದಿನ ಪರೀಕ್ಷಿಸಿ, 2022ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಏಳು ಮಂದಿಗೆ ಆಹಾರದಲ್ಲಿ ದಿನಕ್ಕೆ 15 ಗ್ರಾಂ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಕೊಡಲಾಗಿತ್ತು. ಅವರ ಕರುಳಿನ ಜೀವಿಗಳ ವೈವಿಧ್ಯ ಕುಗ್ಗಿತು. ಇಬ್ಬರಲ್ಲಿ ಬ್ಯಾಕ್ಟೀರಿಯಗಳು ಗೋಡೆಯತ್ತ ಸರಿದುವು. ಉರಿಯೂತ ಮಾತ್ರ ಕಾಣಲಿಲ್ಲ. ಕೊಟ್ಟ ಪ್ರಮಾಣ ನಿತ್ಯದ ಬಳಕೆಗಿಂತ ಹೆಚ್ಚಿನದು, ಪರೀಕ್ಷೆಗೊಳಗಾದವರು ಕೆಲವರೇ. ಇಷ್ಟರಿಂದ ಭಯಪಡುವುದು ತರವಲ್ಲ. ಇಷ್ಟನ್ನು ತಿಳಿದೂ ಉಪೇಕ್ಷಿಸುವುದು ವಿವೇಕವಲ್ಲ.

ಕರುಳಿನ ಜೀವಿಗಳಿಗೂ ಆಹಾರ ಬೇಕು. ಧಾನ್ಯ, ಕಾಳು, ಸೊಪ್ಪುಗಳ ನಾರು ಅವುಗಳ ಪಾಲಿನ ಅನ್ನ. ನಾರಿಲ್ಲದ ಆಹಾರ ಕೊಟ್ಟಾಗ ಇಲಿಗಳ ಕರುಳಿನ ಬ್ಯಾಕ್ಟೀರಿಯಗಳು ಲೋಳೆಯನ್ನೇ ತಿಂದು ತೆಳುವಾಗಿಸಿದುದನ್ನು 2016ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ತೋರಿಸಿತು. ಪೊಟ್ಟಣದ ತಿನಿಸುಗಳಲ್ಲಿ ಬೆರಕೆ ಹೆಚ್ಚು, ನಾರು ಕಡಿಮೆ. ಅವನ್ನೇ ತಿಂದು ಹೊಟ್ಟೆ ತುಂಬಿಸಿಕೊಳ್ಳುವವನು ಎರಡು ಬಗೆಯಲ್ಲಿ ನಷ್ಟ ಹೊಂದುತ್ತಾನೆ. ರಾಗಿ ಮುದ್ದೆಯನ್ನೂ ಹುರುಳಿ ಸಾರನ್ನೂ ಉಣ್ಣುವವನು ತನ್ನ ಜೊತೆಗೆ ತನ್ನ ಕರುಳಿನ ಅತಿಥಿಗಳಿಗೂ ಬಡಿಸುತ್ತಾನೆ.

ಸರ್ಕಾರವೂ ಕಾವಲು ಕಾಯುತ್ತದೆ. 2024ರ ಮಾರ್ಚ್ ತಿಂಗಳಲ್ಲಿ ಕರ್ನಾಟಕ ಸರ್ಕಾರವು ಗೋಬಿ ಮಂಚೂರಿ, ಬೊಂಬಾಯಿ ಮಿಠಾಯಿಗಳಿಗೆ ರೋಡಮೈನ್-ಬಿಯಂತಹ ಹಾನಿಕಾರಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಆದರೆ ಕಾನೂನು ಅನುಮತಿಸಿದ ವಸ್ತುವನ್ನು ಎಷ್ಟು ತಿನ್ನಬೇಕು, ಎಷ್ಟು ಸಲ ತಿನ್ನಬೇಕು ಎಂಬುದನ್ನು ತಿನ್ನುವವನೇ ನಿರ್ಧರಿಸಬೇಕು. ಪೊಟ್ಟಣದ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ 466 ಎಂದಿದ್ದರೆ ಅದು ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್. 433 ಎಂದಿದ್ದರೆ ಪಾಲಿಸಾರ್ಬೇಟ್ 80. ಅಕ್ಷರ ಕಲಿತವನು ಮುಂಬದಿಯ ಚಿತ್ರಕ್ಕೆ ಮರುಳಾಗುವ ಮುನ್ನ ಹಿಂಬದಿಯ ಬರಹವನ್ನು ಓದಬೇಕು. ಊಟವನ್ನು ಬಲ್ಲವನಾಗುವುದಕ್ಕೆ ಇಂದು ಈ ಓದೂ ಅಗತ್ಯ.