ಪುಟ್ಟ ಮಕ್ಕಳೊಂದಿಗೆ ಬ್ರಹ್ಮಗಿರಿಗೆ

ಬೇಸಿಗೆ ರಜೆ ಶುರುವಾಯಿತೆಂದರೆ ಮಕ್ಕಳದ್ದು ಒಂದೇ ಹಟ, "ಅಮ್ಮೀ, ಈ ಸಲ ಎಲ್ಲಿಗೆ ಹೋಗೋಣ?" ವಿದೇಶದಲ್ಲಿರುವ ಬಂಧುಗಳು ಜರ್ಮನಿಯಿಂದ ಫ್ರಾನ್ಸಿಗೆ, ಅಲ್ಲಿಂದ ಸ್ವಿಟ್ಜರ್ಲೆಂಡಿಗೆ ಕಾರಿನಲ್ಲಿ ಸುತ್ತಾಡಿದ ಫೋಟೋಗಳು ಮೊಬೈಲಿಗೆ ಬಂದರಂತೂ ಕೇಳುವುದೇ ಬೇಡ. ನಾವೂ ಕಾರು ಹತ್ತಿ ಹೊರಡಬಾರದೇಕೆ ಎಂದು ದೊಡ್ಡವರಿಗೂ ಅನ್ನಿಸುತ್ತದೆ.

ಹೊರಡಬಹುದು. ಆದರೆ ಒಂದು ವ್ಯತ್ಯಾಸ ನೆನಪಿರಲಿ. ಯುರೋಪಿನಲ್ಲಿ ಜುಲೈ ಎಂದರೆ ಹೊರಗೆ ಸುತ್ತಾಡುವ ಕಾಲ. ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ನಮ್ಮ ಬಯಲುಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಕಾಗೆಯೂ ನೆರಳು ಹುಡುಕುತ್ತದೆ. ಅಲ್ಲಿಯಂತೆ ದಿನಕ್ಕೆ ನಾಲ್ಕು ಸ್ಥಳಗಳ ಪಟ್ಟಿ ಮಾಡಿಕೊಂಡು ಚಳ್ಳಕೆರೆ, ಮೊಳಕಾಲ್ಮೂರು ಕಡೆ ಹೊರಟರೆ ಮಕ್ಕಳು ಎರಡನೇ ದಿನಕ್ಕೇ ಬಾಡಿಹೋಗುತ್ತಾರೆ. ಆದ್ದರಿಂದ ನಿಮ್ಮ ಪಟ್ಟಿಯ ಮೊದಲ ಸಾಲಿನಲ್ಲಿ ಸ್ಥಳದ ಹೆಸರು ಬೇಡ. ಮನೆಯ ಅತಿ ಕಿರಿಯ ಮಗು ಏಳುವ, ಉಣ್ಣುವ, ಮಲಗುವ ಸಮಯವನ್ನು ಬರೆಯಿರಿ. ಉಳಿದದ್ದೆಲ್ಲ ಅದಕ್ಕೆ ಹೊಂದಿಕೊಳ್ಳಲಿ.

ಮೂರು ದಿನ ಸಾಕು

ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ಸುಮಾರು 200 ಕಿಲೋಮೀಟರ್. ನಸುಕಿನಲ್ಲಿ ಹೊರಟು ಹಿರಿಯೂರಿನಲ್ಲಿ ತಿಂಡಿ ಮುಗಿಸಿದರೆ ಬಿಸಿಲೇರುವ ಮುನ್ನ ತಲುಪುತ್ತೀರಿ. ಮಕ್ಕಳಿರುವ ಕುಟುಂಬಕ್ಕೆ ವಸತಿಗೆ ಚಿತ್ರದುರ್ಗವೇ ಅನುಕೂಲ. ಅಂದು ಮಧ್ಯಾಹ್ನ ಎಲ್ಲರೂ ಮಲಗಿಬಿಡಿ. ಸಂಜೆ ಕೋಟೆಗೆ ಹೋಗಿ. ಏಳು ಸುತ್ತಿನ ಕೋಟೆಯನ್ನು ಪೂರ್ತಿ ಹತ್ತಲೇಬೇಕೆಂದಿಲ್ಲ. ಒನಕೆ ಓಬವ್ವನ ಕಿಂಡಿಯವರೆಗೆ ಹೋಗಿ ಬಂದರೂ ಮಕ್ಕಳಿಗೆ ಅದೊಂದು ದೊಡ್ಡ ಸಾಹಸ.

ಎರಡನೇ ದಿನ ಬ್ರಹ್ಮಗಿರಿಗೆ ಮೀಸಲು. ಮೂರನೇ ದಿನ ಬೆಳಗ್ಗೆ ಹಿರಿಯೂರಿನ ಬಳಿ ವೇದಾವತಿ ನದಿಗೆ ಕಟ್ಟಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರವನ್ನು ನೋಡಿಕೊಂಡು ಊರಿಗೆ ಮರಳಿ. ನೀರಿನ ಬಳಿ ಮಾತ್ರ ಮಕ್ಕಳ ಕೈ ಬಿಡಬೇಡಿ.

ಅಕ್ಷರಗುಂಡಿನ ಮುಂದೆ

ಫಜ್ರ್ ನಮಾಝ್ ಮುಗಿಸಿ ಐದೂವರೆಗೆ ಚಿತ್ರದುರ್ಗ ಬಿಟ್ಟರೆ, ಚಳ್ಳಕೆರೆ ದಾಟಿ ಎಂಟು ಗಂಟೆಯ ಹೊತ್ತಿಗೆ ಬ್ರಹ್ಮಗಿರಿಯಲ್ಲಿರಬಹುದು. ಚಳ್ಳಕೆರೆ ಎಣ್ಣೆ ಗಿರಣಿಗಳಿಗೂ ಕುರಿ ಉಣ್ಣೆಯ ಕಂಬಳಿಗೂ ಹೆಸರಾದ ಊರು. ಅಲ್ಲಿಂದ ಮುಂದೆ ಶೇಂಗಾ ಹೊಲಗಳು, ಕುರಿ ಮಂದೆಗಳು, ದೂರದಲ್ಲಿ ಬರೀ ಬಂಡೆಗಳ ಗುಡ್ಡಗಳು.

ಹೊರನೋಟಕ್ಕೆ ಬ್ರಹ್ಮಗಿರಿಯಲ್ಲಿ ಮಕ್ಕಳನ್ನು ಸೆಳೆಯುವಂಥದ್ದು ಏನೂ ಇಲ್ಲ. ಜೋಕಾಲಿ ಇಲ್ಲ, ಐಸ್‌ಕ್ರೀಮ್ ಅಂಗಡಿಯೂ ಇಲ್ಲ. ಇರುವುದು ಜನ ಅಕ್ಷರಗುಂಡು ಎಂದು ಕರೆಯುವ ಒಂದು ಬಂಡೆ. ಅದರ ಮೇಲೆ ಕ್ರಿಸ್ತಪೂರ್ವ ಮೂರನೇ ಶತಮಾನದ ಅಶೋಕ ಚಕ್ರವರ್ತಿಯ ಶಾಸನವಿದೆ. 1892ರಲ್ಲಿ ಬಿ. ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ಹತ್ತಿರದ ಸಿದ್ದಾಪುರದಲ್ಲೂ ಜಟಿಂಗ ರಾಮೇಶ್ವರ ಬೆಟ್ಟದಲ್ಲೂ ಇದೇ ಶಾಸನದ ಪ್ರತಿಗಳು ಸಿಕ್ಕಿವೆ. ಜಟಿಂಗ ರಾಮೇಶ್ವರದ್ದು ಬೆಟ್ಟ ಹತ್ತುವ ಕೆಲಸ. ಪುಟ್ಟ ಮಕ್ಕಳಿದ್ದರೆ ಅದನ್ನು ಚಳಿಗಾಲಕ್ಕೆ ಉಳಿಸಿಕೊಳ್ಳಿ.

ಬಂಡೆಯನ್ನು ತೋರಿಸಿ ಮಕ್ಕಳಿಗೆ ಒಂದು ಕಥೆ ಹೇಳಿ. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಅಧಿಕಾರಿಗಳೂ ಇಲ್ಲಿಯ ಇಸಿಲ ಪಟ್ಟಣದ ಅಧಿಕಾರಿಗಳಿಗೆ ಕಳಿಸಿದ ಸಂದೇಶ ಅದು. ಆಜ್ಞೆಗೂ ಮೊದಲು ಅದರಲ್ಲಿ ಬರುವುದು ಆರೋಗ್ಯದ ಹಾರೈಕೆ. ಮುಂದೆ ತಂದೆತಾಯಿಯ ಸೇವೆ ಮಾಡಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಗುರುವನ್ನು ಗೌರವಿಸಬೇಕು ಎಂಬ ಮಾತುಗಳಿವೆ. ನೀವು ದಿನವೂ ಮಕ್ಕಳಿಗೆ ಹೇಳುವ ಮಾತುಗಳೇ ಅವು.

ನಮ್ಮ ಮಕ್ಕಳ ಕಣ್ಣರಳಿಸುವ ಇನ್ನೊಂದು ಸಂಗತಿಯೂ ಇದೆ. ಶಾಸನ ಬ್ರಾಹ್ಮಿ ಲಿಪಿಯಲ್ಲಿದೆ, ಕನ್ನಡದಂತೆ ಎಡದಿಂದ ಬಲಕ್ಕೆ. ಆದರೆ ಅದನ್ನು ಬರೆದ ಚಪಡ ಎಂಬ ಲಿಪಿಕಾರ ಕೊನೆಯಲ್ಲಿ ತನ್ನ ಹೆಸರಿನೊಡನೆ 'ಲಿಪಿಕಾರ' ಎಂಬ ಪದವನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ ಬರೆದ. ಅದು ದೂರದ ವಾಯವ್ಯ ಗಡಿಯ ಕಡೆ ಬಳಕೆಯಲ್ಲಿದ್ದ, ಬಲದಿಂದ ಎಡಕ್ಕೆ ಸಾಗುವ ಲಿಪಿ. ಬೆಳಗ್ಗೆ ಮದ್ರಸದಲ್ಲಿ ಬಲದಿಂದ ಎಡಕ್ಕೆ ಓದಿ, ಆಮೇಲೆ ಶಾಲೆಯಲ್ಲಿ ಎಡದಿಂದ ಬಲಕ್ಕೆ ಬರೆಯುವ ನಿಮ್ಮ ಮಗುವಿಗೆ ಇದನ್ನು ವಿವರಿಸಬೇಕಾಗಿಲ್ಲ. ಎರಡು ದಿಕ್ಕಿನ ಬರಹ ಈ ನೆಲಕ್ಕೆ ಎರಡು ಸಾವಿರ ವರ್ಷಕ್ಕೂ ಹಿಂದಿನಿಂದ ಪರಿಚಿತ ಎಂದಷ್ಟೇ ಹೇಳಿ.

1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಉತ್ಖನನ ನಡೆಸಿದಾಗ ನಯಗೊಳಿಸಿದ ಕಲ್ಲಿನ ಕೊಡಲಿಗಳು, ದೊಡ್ಡ ಕಲ್ಲುಗಳನ್ನು ನಿಲ್ಲಿಸಿ ಕಟ್ಟಿದ ಸಮಾಧಿಗಳು ದೊರೆತವು. ಶಾಸನವನ್ನು ಮುಟ್ಟಬಾರದು, ಇಲ್ಲಿಂದ ಒಂದು ಹೆಂಚಿನ ಚೂರನ್ನೂ ಮನೆಗೆ ಒಯ್ಯಬಾರದು ಎಂದು ಮಕ್ಕಳಿಗೆ ಮೊದಲೇ ತಿಳಿಸಿ. ಒಂದು ಗಂಟೆ ಸಾಕು. ಹತ್ತಕ್ಕೆಲ್ಲ ಕಾರು ಹತ್ತಿ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವರ ಮನೆಗಳಿವೆ. ಅನುಮತಿ ಕೇಳಿ ಒಳಗೆ ಹೋದರೆ ಬಿಸಿಲಿನ ಹೊತ್ತು ನೆರಳಿನಲ್ಲಿ ಕಳೆಯುತ್ತದೆ. ಸೀರೆಯೊಂದಕ್ಕೆ ಎಷ್ಟು ದುಡಿಮೆ ಬೇಕು ಎಂಬುದು ಮಕ್ಕಳಿಗೂ ಅರ್ಥವಾಗುತ್ತದೆ.

ಕಾರಿನಲ್ಲಿ ಎಚ್ಚರ

ಯುರೋಪಿನಿಂದ ನಾವು ಕಲಿಯಬೇಕಾದ ಪಾಠವೊಂದಿದೆ. ಅಲ್ಲಿ ಪುಟ್ಟ ಮಕ್ಕಳಿಗೆ ತಕ್ಕ ಸೀಟಿಲ್ಲದೆ ಕಾರು ಹೊರಡುವುದಿಲ್ಲ. ನಮ್ಮಲ್ಲೂ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಕಡ್ಡಾಯ. ಮುಂದಿನ ಸೀಟಿನಲ್ಲಿ ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳುವುದು ಪ್ರೀತಿಯಂತೆ ಕಾಣುತ್ತದೆ. ಆದರೆ ಒಮ್ಮೆಲೇ ಬ್ರೇಕ್ ಹಾಕಿದಾಗ ಯಾವ ತಾಯಿಯ ತೋಳೂ ಮಗುವನ್ನು ಹಿಡಿದು ನಿಲ್ಲಿಸಲಾರದು.

ಐದು ನಿಮಿಷದ ಕೆಲಸಕ್ಕೂ ಮಗುವನ್ನು ಕಾರಿನಲ್ಲಿ ಬಿಟ್ಟು ಇಳಿಯಬೇಡಿ. ಬಿಸಿಲಲ್ಲಿ ನಿಂತ ಮುಚ್ಚಿದ ಕಾರಿನೊಳಗಿನ ಉಷ್ಣತೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಏರಬಲ್ಲದು. ಮಕ್ಕಳ ಮೈ ದೊಡ್ಡವರಿಗಿಂತ ಬಹಳ ಬೇಗ ಕಾಯುತ್ತದೆ. ಮಗು ಮಂಕಾದರೆ, ಮೂತ್ರ ಕಡಿಮೆಯಾದರೆ, ಮೈ ಸುಡುತ್ತಿದ್ದರೆ ನೆರಳಿಗೆ ಕರೆದೊಯ್ದು ಒದ್ದೆ ಬಟ್ಟೆಯಿಂದ ಒರೆಸಿ. ತಡಮಾಡದೆ ಆಸ್ಪತ್ರೆಗೆ ಹೋಗಿ. ಓಆರ್‌ಎಸ್ ಪೊಟ್ಟಣಗಳು ಚೀಲದಲ್ಲಿರಲಿ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಿ, 24 ಗಂಟೆ ಕಳೆದರೆ ಚೆಲ್ಲಿ. ಆರು ತಿಂಗಳೊಳಗಿನ ಕೂಸಿಗೆ ಬೇಸಿಗೆಯಲ್ಲೂ ಎದೆಹಾಲೇ ನೀರು. ಮತ್ತೆ ಮತ್ತೆ ಕುಡಿಸಿ.

ಅಮ್ಮನಿಗೂ ರಜೆ ಬೇಡವೇ?

ಎಷ್ಟೋ ಮನೆಗಳಲ್ಲಿ ಪ್ರವಾಸವೆಂದರೆ ಅಡುಗೆಮನೆಯೂ ಡಿಕ್ಕಿಯಲ್ಲಿ ಹೊರಟಂತೆ. ನಡುರಾತ್ರಿ ಎದ್ದು ಚಪಾತಿ ಸುಡುವವಳು ಅವಳು, ದಾರಿಯುದ್ದಕ್ಕೂ ಬಡಿಸುವವಳು ಅವಳು, ಮರಳಿ ಬಂದು ಬಟ್ಟೆ ಒಗೆಯುವವಳೂ ಅವಳೇ. ದೂರದ ಪ್ರಯಾಣಿಕನಿಗೆ ನಾಲ್ಕು ರಕಅತ್‌ಗಳ ಫರ್ಝ್ ನಮಾಝನ್ನೇ ಎರಡಕ್ಕೆ ಇಳಿಸಿ ರಿಯಾಯಿತಿ ನೀಡಿದ ಧರ್ಮ ನಮ್ಮದು. ಹಾಗಿರುವಾಗ ಅಮ್ಮನ ಕೆಲಸದಲ್ಲಿ ಮಾತ್ರ ರಿಯಾಯಿತಿ ಇಲ್ಲವೆಂದರೆ ಹೇಗೆ?

ಹೊರಡುವ ಹಿಂದಿನ ವಾರವೇ ಮನೆಯವರೆಲ್ಲ ಕೂತು ಕೆಲಸ ಹಂಚಿಕೊಳ್ಳಿ. ನೀರಿನ ಕ್ಯಾನು, ಔಷಧದ ಡಬ್ಬಿ ಮಕ್ಕಳ ತಂದೆಯ ಹೊಣೆ. ಟೋಪಿ, ಚಪ್ಪಲಿ, ಚಾಪೆ ಎಣಿಸುವುದು ದೊಡ್ಡ ಮಗನದ್ದೋ ಮಗಳದ್ದೋ ಆಗಲಿ. ತಿನ್ನಲು ಮಂಡಕ್ಕಿ, ಹುರಿದ ಶೇಂಗಾ, ಬಾಳೆಹಣ್ಣು ಸಾಕು. ಊಟ ಹೋಟೆಲಿನಲ್ಲಾಗಲಿ. ಶೌಚಾಲಯದ ಚಿಂತೆಯಿಂದ ಹೆಂಗಸರು ನೀರು ಕುಡಿಯದೇ ಕೂರುವುದು ಆರೋಗ್ಯಕ್ಕೆ ಒಳ್ಳೆಯದಲ್ಲ. ಹೆದ್ದಾರಿಯ ಹೋಟೆಲು, ಪೆಟ್ರೋಲ್ ಬಂಕು ಕಂಡಲ್ಲಿ ಬೇಕೆನಿಸದಿದ್ದರೂ ಒಮ್ಮೆ ಇಳಿಯಿರಿ. ಬ್ರಹ್ಮಗಿರಿಗೆ ಹೋಗುವಾಗ ಚಳ್ಳಕೆರೆಯಲ್ಲೇ ಈ ಕೆಲಸ ಮುಗಿಸಿಕೊಳ್ಳಿ.

ಎರಡು ಸ್ಥಳ ತಪ್ಪಿಹೋದರೆ ನಷ್ಟವಿಲ್ಲ, ಅವು ಮುಂದಿನ ವರ್ಷವೂ ಅಲ್ಲೇ ಇರುತ್ತವೆ. ಮಗು ನಗುತ್ತಾ ಮನೆಗೆ ಮರಳಿ, ಅಮ್ಮ ಮಾರನೆಯ ದಿನ ಹಾಸಿಗೆ ಹಿಡಿಯದಿದ್ದರೆ ಆ ಪ್ರವಾಸ ಗೆದ್ದಂತೆ. ಈ ರಜೆಯಲ್ಲಿ ಹೊರಡುವವರಿಗೆಲ್ಲ ಶುಭ ಪ್ರಯಾಣ.