ಕುರಕುಂಟಾ, ರಾತ್ರಿ ಪಾಳಿ

"ಟಾರ್ಚ್ ನೆಲಕ್ಕ ಹಿಡೀರಿ ಸರ. ಮ್ಯಾಲಿಂದು ಆಮ್ಯಾಲ ನೋಡೋಣಂತ."

ಕಾವಲುಗಾರ ಕಾಕಾ ಹೇಳುವುದು ಸರಿ. ಗೇಟು ದಾಟಿದಾಗಿನಿಂದ ನನ್ನ ಕತ್ತು ಮೇಲಕ್ಕೇ ಇದೆ. ಚಿಮಣಿ, ಅದರ ಆಚೆ ಸೈಲೋಗಳು, ಒಂದು ಕಟ್ಟಡದಿಂದ ಇನ್ನೊಂದಕ್ಕೆ ಅಂತರದಲ್ಲೇ ಹಾದುಹೋಗುವ ಕನ್ವೇಯರ್ ಓಣಿ, ಎಲ್ಲವೂ ಕರ್ರಗೆ ನಿಂತಿವೆ. ಅಪಾಯ ಇರುವುದು ಮಾತ್ರ ಕಾಲಬುಡದಲ್ಲಿ. ಕೇಬಲ್ ಹಾಯಿಸಿದ್ದ ಕಾಲುವೆಗಳ ಮುಚ್ಚಳ ಎಂದೋ ಹೋಗಿ, ಮೇಲೆ ಜಾಲಿ ಕಂಟಿ ಹಬ್ಬಿ, ಗುಂಡಿಯೂ ನೆಲವೂ ಒಂದೇ ಥರ ಕಾಣುತ್ತಿವೆ. ಹಾವುಗಳ ಭಯ ಬೇರೆ. ಕಾಕಾ ಕೋಲಿನಿಂದ ನೆಲ ಬಡಿಯುತ್ತ ಮುಂದೆ, ನಾನು ಟ್ರೈಪಾಡ್ ಹೆಗಲಿಗೇರಿಸಿಕೊಂಡು ಹಿಂದೆ. ಅವರು ಹೆಜ್ಜೆ ಇಟ್ಟಲ್ಲೇ ನನ್ನ ಹೆಜ್ಜೆ.

ಇದು ಸೇಡಂ ತಾಲೂಕಿನ ಕುರಕುಂಟಾ. ಕೇಂದ್ರ ಸರ್ಕಾರದ ಸಿಮೆಂಟ್ ಕಾರ್ಪೊರೇಷನ್, ಜನರ ಬಾಯಲ್ಲಿ ಬರೀ ಸಿಸಿಐ, 1972ರಲ್ಲಿ ಇಲ್ಲಿ ಉತ್ಪಾದನೆ ಶುರು ಮಾಡಿತು. ವರ್ಷಕ್ಕೆ 1.98 ಲಕ್ಷ ಟನ್ ಸಾಮರ್ಥ್ಯ. 1998ರಲ್ಲಿ ನಿಂತಿತು. 2006ರ ಪುನಶ್ಚೇತನ ಯೋಜನೆಯಲ್ಲಿ ತಾಂಡೂರು, ಬೊಕಾಜಾನ್, ರಾಜಬನ್ ಘಟಕಗಳನ್ನಷ್ಟೇ ಉಳಿಸಿಕೊಂಡು ಮಿಕ್ಕ ಏಳನ್ನು ಮಾರಬೇಕೆಂದು ತೀರ್ಮಾನವಾಯಿತು. ಆ ಏಳರಲ್ಲಿ ಇದೂ ಒಂದು. ಅಲ್ಲಿಂದಾಚೆ ಹರಾಜಿನ ಸುದ್ದಿ ಏಳುವುದು, ತಣ್ಣಗಾಗುವುದು ನಡೆದೇ ಇತ್ತು. ಅಂಥದೊಂದು ಸುದ್ದಿಯ ಬೆನ್ನಿಗೇ ನಾನು ಒಪ್ಪಿಗೆ ಕೇಳಿಕೊಂಡು ಬಂದಿದ್ದೇನೆ. ಗ್ಯಾಸ್ ಕಟರ್ ಬರುವುದರೊಳಗೆ ಇದರ ಚಿತ್ರ ಆಗಬೇಕು. ಗುಜರಾತಿನ ಅಲಂಗ್ ದಂಡೆಯಲ್ಲಿ ದೊಡ್ಡ ದೊಡ್ಡ ಹಡಗುಗಳನ್ನು ಒಡೆಯುವ ಮುಂಚೆ ಛಾಯಾಗ್ರಾಹಕರು ಹೋಗುತ್ತಾರೆ. ನಮ್ಮ ಕಾರ್ಖಾನೆಗಳನ್ನು ಒಡೆಯುವಾಗ ಯಾರೂ ಹೋಗುವುದಿಲ್ಲ.

ಚಂದ್ರನಿಲ್ಲದ ರಾತ್ರಿಯನ್ನು ಬೇಕೆಂದೇ ಆರಿಸಿಕೊಂಡಿದ್ದೆ. ಒಳಗೆ ಒಂದು ಬಲ್ಬೂ ಇಲ್ಲ. ಆದರೂ ಮೊದಲ ಚಿತ್ರ ತೆಗೆದು ನೋಡಿದರೆ ಆಕಾಶ ಕಪ್ಪಾಗಿಲ್ಲ. ಮೂವತ್ತು ಸೆಕೆಂಡು ಶಟರ್ ತೆರೆದಿಟ್ಟದ್ದಕ್ಕೆ ಸೇಡಂ ಕಡೆಯ ಮುಗಿಲು ಕೇಸರಿಗೆ ತಿರುಗಿದೆ. ಅದು ನಡೆಯುತ್ತಿರುವ ಕಾರ್ಖಾನೆಗಳ ಬೆಳಕು. ಸೇಡಂನ ವಾಸವದತ್ತಾ, ಕೋಡ್ಲಾದ ಶ್ರೀ ಸಿಮೆಂಟ್, ಮಳಖೇಡದ ರಾಜಶ್ರೀ. ಆ ಬೆಳಕಿನ ಎದುರಿಗೆ ಸಿಸಿಐ ಚಿಮಣಿ ಬರೀ ಗೆರೆಯಾಗಿ ಮೂಡಿದೆ. ಹೊಟ್ಟೆಯಲ್ಲಿ ಕಲಸಿದಂತಾಗುತ್ತದೆ. ಕಲ್ಲು ಮುಗಿದು ನಿಂತ ಕಾರ್ಖಾನೆಯಲ್ಲ ಇದು. ಇದೇ ಸುಣ್ಣದಕಲ್ಲಿನ ಹಾಸನ್ನು ಅಗೆದು ಸುತ್ತಲಿನವು ಹಗಲೂ ರಾತ್ರಿ ಉರಿಯುತ್ತಿವೆ. 1989ರಲ್ಲಿ ಸಿಮೆಂಟಿನ ದರ ಮತ್ತು ಹಂಚಿಕೆಯ ಮೇಲಿನ ನಿಯಂತ್ರಣ ಪೂರ್ತಿ ಹೋಯಿತು, ಪೈಪೋಟಿಗೆ ಬಿದ್ದವರೆಲ್ಲ ದೊಡ್ಡ ದೊಡ್ಡ ಕಿಲ್ನ್, ಅಂದರೆ ಕಲ್ಲು ಸುಡುವ ಕುಲುಮೆ, ಕಟ್ಟಿದರು. ದಿನಕ್ಕೆ 10,000 ಟನ್ನಿಗೂ ಮಿಕ್ಕಿ ಕ್ಲಿಂಕರ್, ಅಂದರೆ ಅರೆದರೆ ಸಿಮೆಂಟ್ ಆಗುವ ಗಟ್ಟಿ, ಸುಡುವ ಕಿಲ್ನ್ ಇಂದು ವಾಡಿಯಲ್ಲಿದೆ. ಕುರಕುಂಟಾದ ಇಡೀ ವರ್ಷದ ದುಡಿಮೆ ಅದಕ್ಕೆ ಮೂರು ವಾರದ ಕೆಲಸ. ಹೊಸ ಬಂಡವಾಳ ಬರದ ಚಿಕ್ಕ ಕಾರ್ಖಾನೆ ಈ ಓಟದಲ್ಲಿ ಉಳಿಯುವುದು ಹೇಗೆ?

"ಇಲ್ಲಿ ಬರ್ರಿ. ಇದು ಟೈಮ್ ಆಫೀಸ್."

ಬಾಗಿಲಿಲ್ಲ, ಕಿಟಕಿಯಿಲ್ಲ. ಗೋಡೆಗೆ ಹೊಡೆದ ಕಟ್ಟಿಗೆಯ ಚೌಕಟ್ಟಿನಲ್ಲಿ ಸಾಲುಸಾಲು ಸಣ್ಣ ಖಾನೆಗಳು, ಹಾಜರಿ ಕಾರ್ಡು ಇಡುವಂಥವು. ಕಾರ್ಡುಗಳಿಲ್ಲ. ಗೆದ್ದಲು ಅರ್ಧ ತಿಂದಿದೆ. ಆದರೆ ಪ್ರತಿ ಖಾನೆಯ ಕೆಳಗೆ ಬಿಳಿ ಬಣ್ಣದಲ್ಲಿ ಬರೆದ ನಂಬರು ಇನ್ನೂ ಓದಲು ಬರುತ್ತದೆ. ಟಾರ್ಚನ್ನು ಎದುರಿಗೆ ಹಿಡಿದರೆ ಬರೀ ಧೂಳು ಹೊಳೆಯುತ್ತದೆ, ಪಕ್ಕದಿಂದ ಗೋಡೆಗೆ ತಾಗಿಸಿ ಹಿಡಿದಾಗ ಅಂಕಿಗಳು ಎದ್ದು ಬರುತ್ತವೆ. ಕಾಕಾ ಒಂದು ಖಾನೆಯೊಳಗೆ ಎರಡು ಬೆರಳಿಟ್ಟು ಸುಮ್ಮನೆ ನಿಲ್ಲುತ್ತಾರೆ. ಶಟರ್ ಮುಚ್ಚುವವರೆಗೆ ಬೆರಳು ಕದಲುವುದಿಲ್ಲ. ಇಂದು ಕಾವಲು ಕಾಯುವ ಈ ಮನುಷ್ಯ ಅಂದು ಇಲ್ಲಿ ಪಾಳಿಗೆ ಬರುತ್ತಿದ್ದವರು ಎಂಬುದು ನನಗೆ ತಿಳಿಯುವುದೇ ಆಗ.

ಕಿಲ್ನ್ ಹತ್ತಿರ ಬಂದಿದ್ದೇವೆ. ಕಾಂಕ್ರೀಟ್ ಕಂಬಗಳ ಮೇಲೆ ತುಸು ಓರೆಯಾಗಿ ಮಲಗಿದ ಉಕ್ಕಿನ ಕೊಳವೆ. ಕೆಳಗೆ ನಿಂತು ನೋಡಿದರೆ ನೀರಿಳಿದ ದಂಡೆಯಲ್ಲಿ ಉಳಿದುಹೋದ ಹಡಗಿನ ಅಡಿಯಲ್ಲಿ ನಿಂತಂತೆ. ಈ ಸೀಮೆಯಲ್ಲಿ ಆ ಮಾತು ಅಷ್ಟೇನೂ ದೂರದ್ದಲ್ಲ. ಶಹಾಬಾದಿನ ಫರ್ಸಿಯೂ ಈ ಕಾರ್ಖಾನೆ ಸುಟ್ಟ ಕಲ್ಲೂ ಕೋಟ್ಯಂತರ ವರ್ಷಗಳ ಹಿಂದೆ ಇಲ್ಲಿದ್ದ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಕೆಸರು.

ಕಬ್ಬಿಣದ ಮೆಟ್ಟಿಲು ತುಕ್ಕು ಹಿಡಿದಿವೆ. ಅಂಚಿನಲ್ಲಿ, ಬೆಸುಗೆ ಇರುವ ಕಡೆಯಷ್ಟೇ ಕಾಲಿಟ್ಟು ಹತ್ತಬೇಕು. ಪಾರಿವಾಳಗಳು ಒಮ್ಮೆಲೇ ಎದ್ದು ತಗಡಿಗೆ ಬಡಿದುಕೊಳ್ಳುತ್ತವೆ. ಮೇಲೆ ಬಂದರೆ ಗರ್ತ್ ಗೇರ್, ಕಿಲ್ನ್ ಸುತ್ತ ಕಟ್ಟಿದ ಹಲ್ಲಿನ ಚಕ್ರ. ಹಲ್ಲುಗಳ ಸಂದಿಯಲ್ಲಿ ಗ್ರೀಸು ಗಟ್ಟಿಯಾಗಿ ಕಲ್ಲಿನಂತಾಗಿದೆ, ಉಗುರಿನಿಂದ ಕೆರೆದರೆ ಒಳಗೆ ಇನ್ನೂ ಕರಿ ಮಿಂಚು. ತುಕ್ಕು ಅಲ್ಲಿಗೆ ಮುಟ್ಟಿಲ್ಲ.

"ನಿಂತ ದಿನಾ ಏನ್ ಮಾಡಿದ್ರಿ ಕಾಕಾ?"

"ಏನ್ ಮಾಡೂದ್ರಿ. ಬೆಂಕಿ ಆರಿಸಿದ್ರೂ ತಿರುವೂದು ಬಿಡಾಂಗಿಲ್ಲ. ಕಾದ ಕಿಲ್ನ್ ಒಂದ ಮಗ್ಗಲಾ ನಿಂತ್ರ ಸೊಟ್ಟಾಗ್ತದ. ಆರೂತನಾ ಸ್ವಲ್ಪ ಸ್ವಲ್ಪ ತಿರುವಿದ್ವಿ."

ಒಳಗಿನ ಸಾಮಗ್ರಿ 1450 ಡಿಗ್ರಿವರೆಗೆ ಕಾಯುವ ಜಾಗ ಇದು. ಬಿಸಿ ಇರುವಾಗ ನಿಲ್ಲಿಸಿದರೆ ತನ್ನ ಭಾರಕ್ಕೆ ತಾನೇ ಬಾಗುತ್ತದೆ ಎಂದು ಓದಿದ್ದೆ. ಆದರೆ ಮತ್ತೆಂದೂ ಹೊತ್ತಿಸದ ಕಿಲ್ನ್ ಸೊಟ್ಟಾಗದಿರಲಿ ಎಂದು ಕೊನೆಯ ಪಾಳಿಯವರು ಕಾದು ಕೂತು ತಿರುವಿದರಲ್ಲ, ಅದು ಯಾವ ಪುಸ್ತಕದಲ್ಲೂ ಇಲ್ಲ. ನಾಳೆ ಮತ್ತೆ ಶುರುವಾದೀತು ಎಂಬ ನಂಬಿಕೆ ಇಲ್ಲದೆ ಯಾರೂ ಹಾಗೆ ಮಾಡುವುದಿಲ್ಲ.

ಬರ್ನರ್ ಇದ್ದ ತುದಿಗೆ ಬರುತ್ತೇವೆ. ಒಳಗೆ ಹೋಗಲು ಕಾಕಾ ಬಿಡುವುದಿಲ್ಲ. ಮೇಲಿನ ಇಟ್ಟಿಗೆ ಯಾವಾಗ ಉದುರೀತೋ ಹೇಳಲಾಗದು. ಬಾಗಿಲ ಬಳಿಯೇ ಟ್ರೈಪಾಡ್ ಹೂಡಿ, ಎಫ್ 8, ಐಎಸ್‌ಒ 400, ಶಟರ್ ಎರಡು ನಿಮಿಷ. ಟಾರ್ಚಿಗೆ ಕರವಸ್ತ್ರ ಸುತ್ತಿ ಬೆಳಕನ್ನು ಒಳಗೋಡೆಯ ಗುಂಟ ನಿಧಾನವಾಗಿ ಆಡಿಸುತ್ತೇನೆ. ಪರದೆಯ ಮೇಲೆ ಚಿತ್ರ ಬಂದಾಗ ಇಬ್ಬರೂ ಬಾಗಿ ನೋಡುತ್ತೇವೆ. ಬೆಂಕಿ ಇಟ್ಟಿಗೆಯ ಬಳೆಗಳು ಒಂದರ ಹಿಂದೊಂದು ದೂರದವರೆಗೆ, ಅವುಗಳ ಮೇಲೆ ಕರಗಿ ಅಂಟಿದ ಕೋಟಿಂಗ್, ಬೂದು, ನಸುಗೆಂಪು, ಒಂದು ಕಡೆ ಹಸಿರು ಛಾಯೆ. ಇಷ್ಟು ಚೆಂದದ ಬಣ್ಣ ಈ ಕತ್ತಲಲ್ಲಿದೆ ಎಂದು ನಾನು ಎಣಿಸಿರಲಿಲ್ಲ. ಕಾಕಾ ನೋಡಿದ್ದು ಬಣ್ಣವನ್ನಲ್ಲ. "ಅಲ್ಲಿ ನೋಡ್ರಿ, ಆ ಜಾಗಾದಾಗ ಇಟ್ಟಂಗಿ ಹೊಸಾವು. ನಿಂದ್ರೂಕಿಂತ ಮದಲ ಕೂಡಿಸಿದ್ದು." ಯಾರು ಕೂಡಿಸಿದ್ದು ಎಂದು ಕೇಳುತ್ತೇನೆ. ಹೆಸರು ಹೇಳುತ್ತಾರೆ, ಊರು ಹೇಳುತ್ತಾರೆ.

ಕಿಲ್ನಿನ ಬೆಂಕಿ ನೋಡಿಕೊಳ್ಳುವವನನ್ನೂ ಬರ್ನರ್ ಎಂದೇ ಕರೆಯುತ್ತಾರೆ, ಅವನದು ಕಣ್ಣಿನ ಕೆಲಸ. ನೀಲಿ ಗಾಜು ಹಿಡಿದು ಇಣುಕುಗಂಡಿಯಲ್ಲಿ ಜ್ವಾಲೆ ನೋಡಬೇಕು, ಕ್ಲಿಂಕರ್ ಹೇಗೆ ಹೊರಳುತ್ತಿದೆ ನೋಡಬೇಕು, ಕಲ್ಲಿದ್ದಲು ಹೆಚ್ಚೋ ಕಡಿಮೆಯೋ ಅಷ್ಟರಿಂದಲೇ ಹೇಳಬೇಕು. ಕಾಕಾ ಕೋಲನ್ನು ಗೋಡೆಗಾನಿಸಿ ಆ ಗಂಡಿಯ ಮುಂದೆ ನಿಲ್ಲುತ್ತಾರೆ, ಎಡಗೈ ಬೆನ್ನಿಗೆ, ಬಲಗೈಯಲ್ಲಿ ಇಲ್ಲದ ಗಾಜು. ಆ ನಿಲುವು ನೋಡಿದರೆ ಯಾರೂ ಹೇಳಿಕೊಡಬೇಕಿಲ್ಲ, ಇವರು ನಿಂತದ್ದು ಇಲ್ಲೇ. ಒಂದು ಚಿತ್ರ ತೆಗೆಯುತ್ತೇನೆ. ಅವರು ಕದಲಿದ್ದರಿಂದ ಮುಖ ಮಸುಕಾಗುತ್ತದೆ. ಮತ್ತೊಂದು ತೆಗೆಯುತ್ತೇನೆ.

ಪ್ಯಾಕಿಂಗ್ ಹೌಸಿನ ಮೂಲೆಯಲ್ಲಿ, ಸಾಗಿಸದೆ ಬಿಟ್ಟ ಚೀಲಗಳ ಅಟ್ಟಿ. ತೇವ ತಾಗಿ ಸಿಮೆಂಟ್ ಒಳಗೇ ಗಟ್ಟಿಯಾಗಿದೆ, ಗೋಣಿ ಕೊಳೆತು ಉದುರಿದೆ. ಉಳಿದಿರುವುದು ಚೀಲದ ಆಕಾರದ ಕಲ್ಲು. ಹತ್ತಿರ ಕೂತು ಬೆಳಕನ್ನು ಓರೆಯಾಗಿ ಬಿಟ್ಟರೆ ಸೆಣಬಿನ ಎಳೆ ಎಳೆಯೂ ಅದರ ಮೈಮೇಲೆ ಅಚ್ಚೊತ್ತಿದೆ, ಬಾಯಿ ಹೊಲಿದ ದಾರದ ಗುರುತೂ. ಈ ರಾತ್ರಿ ತೆಗೆದ ಚಿತ್ರಗಳಲ್ಲಿ ಒಂದನ್ನೇ ಇಟ್ಟುಕೋ ಎಂದರೆ ಇದನ್ನೇ ಇಟ್ಟುಕೊಳ್ಳುತ್ತೇನೆ.

ಹೊರಗೆ ವಾಡಿ–ಸಿಕಂದರಾಬಾದ್ ಹಳಿಯ ಮೇಲೆ ಗೂಡ್ಸ್ ಗಾಡಿಯೊಂದು ಹೋಗುತ್ತಿದೆ. 1874ರಲ್ಲಿ ನಿಜಾಮರ ಕಾಲಕ್ಕೆ ಬಿದ್ದ ಹಳಿ ಅದು. ನಾವು ಸೈಲೋ ಕಟ್ಟೆಯ ಮೇಲೆ ಕೂತು ಕ್ಯಾಮೆರಾದಲ್ಲಿ ಮೊದಲಿನಿಂದ ಒಂದೊಂದೇ ಚಿತ್ರ ತೆರೆಯುತ್ತಿದ್ದೇವೆ. ತುಕ್ಕಿನ ಚೆಂದ ಯಾರಾದರೂ ತೆಗೆದಾರು. ನನಗೆ ಈಗ ಬೇಕಾಗಿರುವುದು ಪ್ರತಿ ಚಿತ್ರದ ಕೆಳಗೆ ಬರೆಯಬೇಕಾದ ಹೆಸರುಗಳು. ಈ ಮಿಲ್ಲಿನ ಮೇಲೆ ಯಾರು, ಈ ಮೋಟಾರು ಯಾರ ಕೈಯಲ್ಲಿತ್ತು, ಈ ಬೋರ್ಡು ಬರೆದವರು ಯಾರು. ಕಾಕಾ ಹೇಳುತ್ತಾರೆ, ನಾನು ವಹಿಯಲ್ಲಿ ಬರೆದುಕೊಳ್ಳುತ್ತೇನೆ. ನಡುವೆ ತಡೆಯುತ್ತಾರೆ. "ಥೊಡೆ ನಿಂದ್ರಿ, ಅವ ಎರಡನೇ ಪಾಳಿಯಾಂವ ಅಲ್ಲ, ಮೂರನೇದಾಂವ." ಹೊಡೆದುಹಾಕಿ ಮತ್ತೆ ಬರೆಯುತ್ತೇನೆ. ಕ್ಲಿಂಕರ್ ತಣಿಸುವ ಕೂಲರಿನವರ ಪಟ್ಟಿ ಮುಗಿದಿದೆ. ಸಿಮೆಂಟ್ ಮಿಲ್ಲಿನವರ ಹೆಸರು ಇನ್ನು ಶುರುವಾಗಬೇಕು.