ದಿನಕ್ಕೊಂದು ಫೋಟೋ

ಐವತ್ತು ದಾಟಿದ ಹೆಂಗಸು ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ಮಾನ್ವಿಯ ಬಜಾರಿಗೆ ಹೊರಟರೆ ನೋಡುವವರಿಗೆ ನಗು ಬರುವುದು ಸಹಜ. "ಅಕ್ಕೋರ, ಪೇಪರಿನ್ಯಾಗ ಸೇರೀರೇನ್ರಿ?" ಎಂದು ತರಕಾರಿಯವಳು ಕೇಳಿದಳು. ಒಂದು ವರ್ಷ, ದಿನಕ್ಕೆ ಒಂದೇ ಫೋಟೋ, ಅದೂ ಕಪ್ಪು-ಬಿಳುಪು ರೀಲಿನಲ್ಲಿ ಎಂದು ವಿವರಿಸಿದೆ. "ಫೋನಿನ್ಯಾಗ ನೂರು ಬರ್ತಾವಲ್ರಿ!" ಎಂದಳು. ಸೀರೆಯುಟ್ಟೇ ಭಾರದ ಕ್ಯಾಮೆರಾ ಹೊತ್ತು, 1947ರ ದಿಲ್ಲಿಯನ್ನು ಚಿತ್ರಿಸಿದ ಹೋಮಾಯ್ ವ್ಯಾರವಾಲಾ ಕೂಡ ಇಂಥ ನಗುವನ್ನು ದಾಟಿಯೇ ಹೋಗಿರಬೇಕು ಎಂದು ಸಮಾಧಾನ ಮಾಡಿಕೊಂಡೆ.

ನೂರು ಬರುತ್ತವೆ, ನಿಜ. ಆದರೆ ಆ ನೂರನ್ನು ನಾವು ತಿರುಗಿ ನೋಡುವುದೇ ಇಲ್ಲ. ರೀಲಿನಲ್ಲಿರುವುದು ಮೂವತ್ತಾರೇ. ಬೆಳಿಗ್ಗೆ ಒಂದನ್ನು ತೆಗೆದುಬಿಟ್ಟರೆ ಸಂಜೆಯ ಚೆಂದವನ್ನು ಬರಿಗಣ್ಣಿನಲ್ಲೇ ನೋಡಬೇಕು. ಹೀಗಾಗಿ ದಿನವಿಡೀ ಕಣ್ಣು ಎಚ್ಚರವಾಗಿರುತ್ತದೆ.

ಹಿಂದೆ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ 'ಇಂದು' ಹೆಸರಿನ ರೀಲು ಮಾಡುತ್ತಿತ್ತು. ಅದು ಮುಚ್ಚಿಹೋಯಿತು. ಈಗ ಇಂಗ್ಲೆಂಡಿನ ಇಲ್‌ಫರ್ಡ್ ಎಚ್‌ಪಿ5 ರೀಲನ್ನು ಬೆಂಗಳೂರಿನಿಂದ ತರಿಸುತ್ತೇನೆ. ತೊಳೆಯುವುದು ಮನೆಯ ಬಚ್ಚಲಲ್ಲೇ. ಕತ್ತಲಲ್ಲಿ ರೀಲನ್ನು ಡಬ್ಬಿಗೆ ಸೇರಿಸಿ, ಡಿ-76 ಎಂಬ ಡೆವಲಪರ್ ಸುರಿದು, ಆಗಾಗ ಅಲುಗಿಸುತ್ತ ಏಳೂವರೆ ನಿಮಿಷ ಕಾಯಬೇಕು. ಆಮೇಲೆ ಹೈಪೋ, ಆಮೇಲೆ ನೀರು. ಆ ಲೆಕ್ಕ 20 ಡಿಗ್ರಿ ತಂಪಿನದು. ನಮ್ಮ ಜಿಲ್ಲೆಯ ಬೇಸಿಗೆಯೋ 40 ದಾಟುತ್ತದೆ, ನಳದ ನೀರೇ ಸ್ನಾನಕ್ಕೆ ಕಾಯಿಸಿದಂತಿರುತ್ತದೆ. ಯಜಮಾನರ ಮಜ್ಜಿಗೆಗೆಂದು ಇಟ್ಟ ಐಸೆಲ್ಲ ನನ್ನ ಬೋಗುಣಿಗೆ ಬೀಳುತ್ತದೆ.

ಕಪ್ಪು-ಬಿಳುಪೇ ಏಕೆ? ನಮ್ಮ ಎರೆಹೊಲ ಕಪ್ಪು, ಅದರಲ್ಲಿ ಅರಳಿದ ಹತ್ತಿ ಬಿಳುಪು. ಇಷ್ಟು ಸಾಕೆಂದುಕೊಂಡಿದ್ದೆ. ತೆಗೆಯುತ್ತ ಇನ್ನೊಂದು ತಿಳಿಯಿತು. ಇದರಲ್ಲಿ ಕೆಂಪು ಸೀರೆಯೂ ಹಸಿರು ಸೀರೆಯೂ ಒಂದೇ ಬೂದು. ಬೆಲೆಯ ಸೀರೆ ಯಾವುದು, ಅಗ್ಗದ್ದು ಯಾವುದು, ಗೊತ್ತಾಗದು. ಉಳಿಯುವುದು ಮುಖ.

ಆ ಮುಖದ ಬೆಲೆ ತಿಳಿಸಿದವರು ನಮ್ಮ ಶಾಲೆಯ ಬಿಸಿಯೂಟದ ಅಡುಗೆಯಮ್ಮ. 2002ರಲ್ಲಿ ನಮ್ಮ ಕಡೆ ಬಿಸಿಯೂಟ ಶುರುವಾದಾಗಿನಿಂದ ಒಲೆಯ ಮುಂದೆ ನಿಂತವರು. ನಮ್ಮ ಕಾಲದ ಹೆಂಗಸರಿಗೆ ಫೋಟೋ ಎಂದರೆ ಗಂಡಿನ ಕಡೆಯವರಿಗೆ ಕಳಿಸಲು ಒಂದು, ಮದುವೆಯದೊಂದು. ಬಡವರ ಮನೆಯಲ್ಲಿ ಅದೂ ಇಲ್ಲ. ಮತದಾರರಿಗೆ ಫೋಟೋ ಇರುವ ಗುರುತಿನ ಚೀಟಿ ಕೊಡಬೇಕೆಂದು ಚುನಾವಣಾ ಆಯೋಗ 1993ರಲ್ಲಿ ಹೇಳಿದ ಮೇಲೆಯೇ ಎಷ್ಟೋ ಜನ ಕ್ಯಾಮೆರಾದ ಮುಂದೆ ಕುಳಿತದ್ದು. ಅಡುಗೆಯಮ್ಮನ ಅತ್ತೆ ತೀರಿಕೊಂಡಾಗ ಮನೆಯಲ್ಲಿದ್ದದ್ದು ಆ ಚೀಟಿಯೊಂದೇ. ಅದನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದ್ದಾರೆ.

"ಮಕ್ಕಳನ್ನ ನಗಿಸಿ ನಗಿಸಿ ಉಣಿಸ್ತಿದ್ಲ್ರಿ ನಮ್ಮತ್ತಿ. ಗ್ವಾಡಿ ಮ್ಯಾಲ ನೋಡಿದ್ರ ಪೊಲೀಸ್ರಿಗೆ ಅಂಜಿದಂಗ ಕುಂತಾಳ. ಮೊಮ್ಮಗ ಯಾರಿವ್ರು ಅಂತ ಕೇಳ್ತಾನ. ಅಕ್ಕೋರ, ನಂದೊಂದು ತೆಗೀರಿ, ಅಂಜಿದ ಮುಖ ಬ್ಯಾಡ."

ಆ ದಿನದ ನನ್ನ ಒಂದೇ ಫೋಟೋ ಇನ್ನೂ ಉಳಿದಿತ್ತು. ಸೌಟು ಕೆಳಗಿಡಿ ಎನ್ನಲಿಲ್ಲ, ಸೆರಗು ಸರಿಮಾಡಿಕೊಳ್ಳಿ ಎನ್ನಲಿಲ್ಲ. ಎರಡನೇ ಸಲ ಸಾರು ಬೇಡಲು ಬಂದ ಹುಡುಗನನ್ನು ನೋಡಿ ಅವರು ನಕ್ಕಾಗ ಗುಂಡಿ ಒತ್ತಿದೆ. ಆ ರೀಲು ಮುಗಿಯಲು ಇನ್ನೂ ಹತ್ತೊಂಬತ್ತು ದಿನ ಇತ್ತು. ಅಷ್ಟು ದಿನವೂ ಅವರು ಕೇಳಿದರು, "ಬಂತೇನ್ರಿ?"

ಬಂತು. ರಾಯಚೂರಿನಲ್ಲಿ ಪ್ರಿಂಟ್ ಮಾಡಿಸಿ ಕೊಟ್ಟೆ. ಬಹಳ ಹೊತ್ತು ನೋಡಿದರು. "ಇವತ್ತೇ ಗ್ವಾಡಿಗೆ ಹಾಕ್ತೀನ್ರಿ. ಹಾರ ಯಾವಾಗ ಬೇಕೋ ಆವಾಗ ಹಾಕ್ಕೊಳ್ಳಿ" ಎಂದರು.

ಈಗ ಮುಂದಿನ ರೀಲಿನ ಹನ್ನೊಂದು ದಿನಗಳಿಗೆ ಆಗಲೇ ಓಣಿಯ ಹೆಂಗಸರ ಹೆಸರು ಬಿದ್ದಿದೆ. ಸೀರೆಯ ಬಣ್ಣ ಬರುವುದಿಲ್ಲ, ಇದ್ದ ಹಾಗೆಯೇ ಬನ್ನಿ ಎಂದು ಎಲ್ಲರಿಗೂ ಹೇಳಿದ್ದೇನೆ. ಎಲ್ಲರೂ ರೇಷ್ಮೆ ಸೀರೆ ಉಟ್ಟೇ ಬರುತ್ತಾರೆ.